ಮೇಲಿನ ಸಾಲಿನ ಒಂದು ಹಲ್ಲು

ಆ ಸೋಮವಾರ ತಾಲ್ಲೂಕು ಕೋರ್ಟಿನ ಮುಂದೆ ಬಂದಿದ್ದ ಘನಗಂಭೀರ ವಿಷಯ ಒಂದು ಹಲ್ಲು. ದೇವಾಪುರದ ಭೀಮವ್ವನ ಮೇಲಿನ ಸಾಲಿನದು, ಎಡಗಡೆಯದು. ಈಗ ಅದು ಸೀಲು ಒತ್ತಿದ ಡಬ್ಬಿಯಲ್ಲಿ, ಮೈಮೇಲೊಂದು ನಂಬರು ಹೊತ್ತು, ಬಾಯಲ್ಲಿದ್ದಾಗ ಎಂದೂ ಕಾಣದ ಮರ್ಯಾದೆಯಲ್ಲಿ ಕುಳಿತಿತ್ತು.

ಸರ್ಕಾರಿ ವಕೀಲ ಸಂಗಮನಾಥ ವರಾಂಡದಲ್ಲಿ ಅವಳಿಗೆ ಕೊನೆಯ ಪಾಠ ಹೇಳಿದರು.

"ಹಲ್ಲು ಮುರಿದ್ರ ಕಾಯ್ದೆ ಪ್ರಕಾರ ಭಾರಿ ಗಾಯ. ಅದನ್ನ ಡಾಕ್ಟರು ಹೇಳಿ ಆಗ್ಯಾದ. ಆದ್ರ ಹೊಡದಂವ ಯಾರು, ಬೇಕಂತ ಹೊಡದನೋ, ಕೈ ತಾಗಿತೋ, ಇದು ನಿನ್ನ ಬಾಯಿಂದ ಬರಬೇಕು. ಒಂದೀಟು ಸಂಶಯ ಉಳೀತಂದ್ರ ಆರೋಪಿ ಮನಿಗೆ ಹೋದ."

"ಹೇಳ್ತೀನ್ರಿ ಸಾಹೇಬ್ರ."

"ಹೇಳ್ತಾಳ್ರಿ," ಎಂದ ಪಕ್ಕದಲ್ಲಿದ್ದ ಗಂಡ ಹುಲಗಪ್ಪ. "ದಿನಾ ಹೇಳಿಸೀನಿ."

ಸುಳ್ಳಲ್ಲ. ಅವಳು ರೊಟ್ಟಿ ಬಡಿಯುವಾಗ ಎದುರು ಕೂತು ಪ್ರಶ್ನೆ ಕೇಳುತ್ತಿದ್ದ. ತಪ್ಪಿದರೆ ಮತ್ತೆ ಮೊದಲಿನಿಂದ.

ವಕೀಲರು ಒಳಗೆ ಹೋದ ಮೇಲೆ ದನಿ ತಗ್ಗಿಸಿದ. "ಕೇಸ್ ಬಿತ್ತಂದ್ರ ನನ್ನ ಹೊಸ್ತಿಲಾ ತುಳೀಬ್ಯಾಡ. ಭಾಗ್ಯಾನ ಮಾರಿ ಮರತಬಿಡು."

ಭಾಗ್ಯ ಅವರ ಮಗಳು, ನಾಲ್ಕು ವರ್ಷದವಳು. ಭೀಮವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಹಲ್ಲು ಹೋದಂದಿನಿಂದ ಅದೊಂದು ಅಭ್ಯಾಸ.

ಘಟನೆ ನಡೆದದ್ದು ಪಂಚಮಿಗೆ ಎರಡು ದಿನ ಮುಂಚೆ, ಅವರದೇ ಮನೆಯೊಳಗೆ. ಆರೋಪಿ ದೇವಿಂದ್ರ ಕೆಂಭಾವಿಯಿಂದ ಬಂದು ಬಸ್ಸಿಳಿದವನೇ ಬಾಗಿಲು ದೂಡಿ ನುಗ್ಗಿದ್ದ. ಓಣಿಯವರು ಬಂದು ಕಂಡದ್ದು ಇಷ್ಟು: ಮೂವರ ಎಳೆದಾಟ, ನೆಲದ ಮೇಲೆ ರಕ್ತ. ಪಂಚನಾಮೆಯಲ್ಲಿ ದೇವಿಂದ್ರನ ಕೈಚೀಲವೂ ಸೇರಿತ್ತು. ಒಳಗೆ ಒಂದು ಹಸಿರು ಸೀರೆ, ಒಂದಿಷ್ಟು ಎಳ್ಳುಂಡಿ. ಉಂಡಿಯಿಂದ ಯಾರ ಹಲ್ಲೂ ಮುರಿದಿರಲಿಲ್ಲವಾದ್ದರಿಂದ ಚೀಲದ ಮಾತು ಅಲ್ಲಿಗೇ ಮುಗಿಯಿತು.

ಆರೋಪಿಯ ಕಡೆ ನೋಡಬೇಡ ಎಂದು ಹುಲಗಪ್ಪ ಹೇಳಿಕೊಟ್ಟಿದ್ದ. ಸಾಕ್ಷಿಯ ಕಟಕಟೆ ಹತ್ತಿದ ಭೀಮವ್ವ ನೋಡಿಯೇ ಬಿಟ್ಟಳು. ದೇವಿಂದ್ರ ಸೊರಗಿದ್ದ.

"ನಿನಗೆ ಹೊಡೆದವರು ಯಾರಮ್ಮ?" ಎಂದರು ಸಂಗಮನಾಥ.

ಅವಳು ನೆಲ ನೋಡಿದಳು. ಹಿಂದಿನ ಬೆಂಚಿನಲ್ಲಿ ಹುಲಗಪ್ಪ ಕೆಮ್ಮಿದ. ಅವಳ ಬೆರಳು ಮೇಲೆದ್ದಿತು.

"ಅಂವ ನೋಡ್ರಿ. ದೇವಿಂದ್ರ."

"ಹೇಗೆ ಹೊಡೆದ?"

"ಮುಷ್ಟಿ ಕಟ್ಟಿ ಹೊಡದಾನ್ರಿ. ಬೇಕಂತನ ಹೊಡದಾನ."

ರೊಟ್ಟಿ ಬಡಿದಷ್ಟು ಸಲೀಸಾಗಿ ಬಂತು ಮಾತು. ಆರೋಪಿಯ ವಕೀಲರು ಕೋಟು ಸರಿಪಡಿಸಿಕೊಂಡು ಪಾಟೀಸವಾಲಿಗೆ ಎದ್ದರು. ಬಾಯಿ ತೆರೆಯುವ ಮೊದಲೇ ದೇವಿಂದ್ರ ಕೈ ಅಡ್ಡ ಮಾಡಿದ.

"ಸಾಕ್ರಿ ವಕೀಲ್ರ. ಆಕಿನ್ನ ಏನೂ ಕೇಳಬ್ಯಾಡ್ರಿ. ಆಕಿ ಮನಿಗೆ ಹೋಗ್ಲಿ."

"ಕೇಳದಿದ್ರ ನೀ ಒಳಗ ಹೋಗ್ತೀಯಪಾ," ಎಂದರು ವಕೀಲರು.

"ಹೋಗ್ತೀನ್ರಿ."

ತಪ್ಪಿತಸ್ಥನ ಎದೆ ಕೊನೆಗೆ ಹೀಗೇ ಕುಸಿಯುವುದು ಎಂದು ಹಿಂದಿನ ಸಾಲಿನಲ್ಲಿ ಯಾರೋ ಪಿಸುಗುಟ್ಟಿದರು. ಭೀಮವ್ವ ಸೆರಗನ್ನು ಬಾಯೊಳಗೇ ತುರುಕಿಕೊಂಡಳು.

ಅಪರಾಧ ಸಂಶಯಾತೀತವಾಗಿ ಸಾಬೀತಾಗಿದೆ ಎಂದಿತು ತೀರ್ಪು. ಹುಲಗಪ್ಪ ಕೋರ್ಟಿನ ಆವರಣದಲ್ಲಿ ಪೇಢೆ ಹಂಚಿದ. ಭೀಮವ್ವ ಅಂದು ಸಂಜೆ ಮಗಳ ಪಕ್ಕದಲ್ಲಿ ಕೂತು ಉಂಡಳು.

ಹುಲಗಪ್ಪನ ಮುಷ್ಟಿಯಿಂದ ತನ್ನ ಒಡಹುಟ್ಟಿದ ತಂಗಿಯನ್ನು ಬಿಡಿಸಲು ನಡುವೆ ಬಂದಿದ್ದ ದೇವಿಂದ್ರನಿಗೆ ಎರಡು ವರ್ಷ ಜೈಲಾಯಿತು.