ಮೇಷ್ಟ್ರ ಮೂರನೇ ಏರು

ಮೇಷ್ಟ್ರು ಗಾಡಿಯ ಕಿಟಕಿಯಿಂದ ಕತ್ತು ಹೊರಗೆ ಹಾಕಿದರು. ಹೆಂಡತಿ ಮುಂದಿನ ಚಕ್ರದ ಪಕ್ಕ ಕುಕ್ಕರುಗಾಲಿನಲ್ಲಿ ಕೂತಿದ್ದಳು.

"ಅಲ್ಲೇನು ಮಾಡ್ತಿದ್ದೀಯ?"

"ಚಪ್ಪಲಿ ಒಳಗೆ ಕಲ್ಲು ಸೇರ್ಕೊಂಡಿದೆ. ತೆಗೀತಿದ್ದೀನಿ."

ಎದ್ದಳು. ಗಾಡಿಯ ಮೂತಿಯನ್ನು ಬಳಸಿಕೊಂಡು ಆಚೆ ಬದಿಗೆ ಹೋಗಿ, ಅಲ್ಲೂ ಕೂತಳು.

"ಎರಡು ಚಪ್ಪಲೀಲೂ ಕಲ್ಲಾ?"

"ಎರಡು ಕಾಲಿದೆಯಲ್ಲ!"

ಮೇಷ್ಟ್ರಿಗೆ ಗುಮಾನಿ ಬಂತು. ಕಲ್ಲೂ ಇಲ್ಲ, ಗಿಲ್ಲೂ ಇಲ್ಲ; ಇವಳು ಗಾಡಿಗೆ ಏನೋ ಕಿತಾಪತಿ ಮಾಡುತ್ತಿದ್ದಾಳೆ. ಏರು ಹತ್ತಲು ಉಳಿದಿದ್ದದ್ದು ಇನ್ನು ಒಂದೇ ಅವಕಾಶ.

ಮೂವತ್ತೆರಡು ವರ್ಷ ಭೂಗೋಳ ಹೇಳಿಕೊಟ್ಟ ಮೇಷ್ಟ್ರು ಭೂಗೋಳವನ್ನು ನೋಡಿದ್ದು ತರಗತಿಯ ಗೋಡೆಯ ಮೇಲೆ ಮಾತ್ರ. ನಿವೃತ್ತರಾದ ಮರುವಾರವೇ ಈ ಹಳೆಯ ಫೋರ್-ವೀಲ್ ಡ್ರೈವ್ ಗಾಡಿಯನ್ನು ಗುಜರಿಯಿಂದ ಎಳೆಸಿಕೊಂಡು ಬಂದರು. ಮರುಭೂಮಿ, ಹಿಮ, ಕಾಡು, ಎಲ್ಲವನ್ನೂ ಇದರಲ್ಲೇ ಸುತ್ತುವುದೆಂದು ಹೆಂಡತಿಗೆ ಸಾರಿದರು. ಆಮೇಲೆ ನಾಲ್ಕು ವರ್ಷ ಶೆಡ್ಡಿನಿಂದ ಹೊರಗೇ ಬರಲಿಲ್ಲ. ತುಕ್ಕು ಕೆರೆದರು. ತೂತುಬಿದ್ದ ತಳಕ್ಕೆ ತಗಡು ಬೆಸೆಸಿದರು. ಗೇರುಪೆಟ್ಟಿಗೆಯನ್ನು ಬಿಚ್ಚಿ ಊಟದ ಮೇಜಿನ ಮೇಲೆ ಹರಡಿದರು. ಎರಡು ತಿಂಗಳು ಇಬ್ಬರೂ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಉಂಡರು. ಯಾವಾಗ ಹೊರಡೋದು ಅಂತ ಹೆಂಡತಿ ಕೇಳಿದಾಗಲೆಲ್ಲ ಉತ್ತರ ಒಂದೇ: "ಇನ್ನೊಂದು ವಾರ."

ಇಡೀ ಗಾಡಿಯಲ್ಲಿ ಅವರ ಪಂಚಪ್ರಾಣವೆಂದರೆ ಮುಂದಿನ ಎರಡು ಚಕ್ರಗಳ ನಟ್ಟನಡುವೆ ಕೂತಿದ್ದ ಹಿತ್ತಾಳೆಯ ಮುಚ್ಚಳಗಳು. ಹಿಂದಿನ ಚಕ್ರಗಳಿಗೆ ಆ ಭಾಗ್ಯವಿರಲಿಲ್ಲ. ದಿನಾ ಬೆಳಿಗ್ಗೆ ಉಜ್ಜಿ ಉಜ್ಜಿ, ಮೇಲೆ ಕೆತ್ತಿದ್ದ ಅಕ್ಷರಗಳೂ ಸವೆದು, ಈಗ ಮುಖ ನೋಡಿಕೊಳ್ಳಬಹುದಿತ್ತು. ಗೀರು ಬಿದ್ದೀತೆಂದು ಮೇಷ್ಟ್ರು ಅವನ್ನು ತಾವೂ ಬಿಚ್ಚಿರಲಿಲ್ಲ, ಯಾರಿಗೂ ಮುಟ್ಟಗೊಟ್ಟಿರಲಿಲ್ಲ.

ಗಾಡಿಯ ಜೊತೆ ಒಂದು ಕೈಪಿಡಿಯೂ ಬಂದಿತ್ತು. ಪ್ರಶ್ನೆಪತ್ರಿಕೆಯನ್ನು ಎರಡು ಸಲ ಓದಿ ಅಂತ ಮಕ್ಕಳ ತಲೆ ತಿಂದಿದ್ದ ಮೇಷ್ಟ್ರು ಅದನ್ನು ಒಂದು ಸಲವೂ ತೆರೆಯಲಿಲ್ಲ. ಬಿಚ್ಚಿ ಜೋಡಿಸಿದವನಿಗೆ ಪುಸ್ತಕವೇಕೆ ಎಂಬುದು ಅವರ ವಾದ. ಮೂರು ತಿಂಗಳ ಹಿಂದೆ ಅದು ಕಾಣೆಯಾದಾಗ ಮಾತ್ರ, ಹೆಂಡತಿಯೇ ರದ್ದಿಗೆ ಹಾಕಿದ್ದಾಳೆಂದು ಒಂದು ವಾರ ಮಾತು ಬಿಟ್ಟಿದ್ದರು.

"ಓದದೇ ಇರೋರಿಗೆ ಅದು ಎಲ್ಲಿದ್ರೇನು?" ಅಂದಿದ್ದಳು ಅವಳು.

ಕೊನೆಗೆ ಮೊನ್ನೆ ಷರತ್ತು ಹಾಕಿದಳು. "ಊರಾಚೆ ಹಳೇ ಕಲ್ಲುಗಣಿ ಏರಿದೆಯಲ್ಲ, ಭಾನುವಾರ ಅದನ್ನ ಹತ್ತಿಸಿ. ಮೂರೇ ಸಲ. ಹತ್ತಿದ್ರೆ ಮಾರನೇ ದಿನವೇ ಪ್ರಯಾಣ. ಹತ್ತಲಿಲ್ಲ ಅಂದ್ರೆ ಗಾಡಿನ ಗ್ಯಾರೇಜಿನವನಿಗೆ ಮಾರಿ, ಶೆಡ್ ಖಾಲಿ ಮಾಡಿ."

ಗ್ಯಾರೇಜಿನವನಿಗೆ ಈ ಗಾಡಿಯ ಮೇಲೆ ಎರಡು ವರ್ಷದಿಂದ ಕಣ್ಣು. ಇವತ್ತು ಎಳೆಯುವ ಹಗ್ಗವನ್ನೂ ಹೆಗಲಿಗೆ ಹಾಕಿಕೊಂಡು, ಇವರಿಗಿಂತ ಮೊದಲೇ ಏರಿನ ಬುಡಕ್ಕೆ ಬಂದು ನಿಂತಿದ್ದ. ಹಿತ್ತಾಳೆಯ ಮುಚ್ಚಳಗಳನ್ನು ಬಗ್ಗಿ ನೋಡಿ ತೃಪ್ತಿಯಿಂದ ನಕ್ಕಿದ್ದ.

"ಏನ್ ಹೊಳಪು ಸಾರ್! ಇವನ್ನ ಯಾರೂ ಮುಟ್ಟೇ ಇಲ್ಲ ಅನ್ಸುತ್ತೆ."

"ಮುಟ್ಟೋಕೆ ಬಿಟ್ರೆ ತಾನೆ!" ಎಂದು ಮೇಷ್ಟ್ರು ಉಬ್ಬಿಹೋಗಿದ್ದರು.

ಮೊದಲ ಸಲ, ನಾಲ್ಕೂ ಚಕ್ರಗಳಿಂದ ಎಳೆಸುವ ಚಿಕ್ಕ ಗೇರನ್ನು ಹಾಕಿ ನುಗ್ಗಿದರು. ಹಿಂದಿನ ಚಕ್ರಗಳು ಬುರ್ರನೆ ಜಲ್ಲಿ ಎರಚಿದವು. ಮುಂದಿನವು ಮದುವೆಮನೆಯ ಬೀಗರಂತೆ ಸುಮ್ಮನಿದ್ದವು. ಅರ್ಧ ಏರಿನಲ್ಲಿ ಗಾಡಿ ಉಸ್ಸಪ್ಪಾ ಎಂದು ನಿಂತು, ಜಾರಿಕೊಂಡು ಕೆಳಗೆ ಬಂತು. ಎರಡನೇ ಸಲ ಅಷ್ಟೂ ಹತ್ತಲಿಲ್ಲ.

"ವಯಸ್ಸಾಯ್ತಲ್ಲ ಸಾರ್," ಎನ್ನುತ್ತ ಗ್ಯಾರೇಜಿನವನು ಹಗ್ಗ ಬಿಚ್ಚತೊಡಗಿದ. ಗಾಡಿಗೆ ಅಂದನೋ ತಮಗೆ ಅಂದನೋ ಮೇಷ್ಟ್ರಿಗೆ ತಿಳಿಯಲಿಲ್ಲ. ನಾಲ್ಕು ವರ್ಷ, ಸವೆದ ಉಗುರು, ನೋಡದ ಮರುಭೂಮಿ, ಎಲ್ಲ ಆ ಹಗ್ಗದ ತುದಿಯಲ್ಲಿ ಹೊರಟುಹೋಗುವುದರಲ್ಲಿತ್ತು.

ಹೆಂಡತಿಯ ಚಪ್ಪಲಿಗೆ ಕಲ್ಲು ಸೇರಿದ್ದು ಆಗಲೇ.

ಅವಳು ಬಂದು ಪಕ್ಕದಲ್ಲಿ ಕೂತಳು. ಕರ್ಚೀಫಿನಲ್ಲಿ ಬೆರಳು ಒರೆಸಿಕೊಂಡಳು. ಬೆರಳಿಗೆ ಕಪ್ಪು ಗ್ರೀಸು ಮೆತ್ತಿತ್ತು. ಮೇಷ್ಟ್ರು ಹಲ್ಲು ಕಚ್ಚಿದರು. ಏನೇ ಮಾಡಿರಲಿ, ಹತ್ತಿಸಿಯೇ ತೀರುತ್ತೇನೆ! ಹೊರಗೆ ಗ್ಯಾರೇಜಿನವನ ಮುಖ ಯಾಕೋ ಸಪ್ಪಗಾಗಿತ್ತು.

"ಹೂಂ, ಬಿಡಿ," ಅಂದಳು ಹೆಂಡತಿ. "ನಿಧಾನ."

ಗಾಡಿ ಹತ್ತಿತು. ನುಗ್ಗದೆ, ಜಾರದೆ, ಜಲ್ಲಿ ಎರಚದೆ, ಮೇಕೆಯ ಹಾಗೆ ಒಂದೊಂದೇ ಹೆಜ್ಜೆಗೆ ಹತ್ತಿತು. ತುದಿ ಮುಟ್ಟಿದಾಗ ಮೇಷ್ಟ್ರ ಕಣ್ಣು ತುಂಬಿ ಬಂತು.

"ನೋಡಿದೆಯಾ? ಇದೆಲ್ಲ ಕೈಚಳಕ!"

"ನೋಡಿದೆ. ಬೆಳಿಗ್ಗೆ ಎಷ್ಟು ಗಂಟೆಗೆ ಹೊರಡೋದು?" ಎಂದು ಹೆಂಡತಿ ಇಳಿದು, ಆಚೆ ಕಡೆಯ ಕಣಿವೆ ನೋಡಲು ಹೋದಳು.

ಮೇಷ್ಟ್ರೂ ಇಳಿದರು. ಮುಂದಿನ ಚಕ್ರವನ್ನು ನೋಡಿ ಹುಬ್ಬೇರಿಸಿದರು. ಹೊಳೆಯುವ ಹಿತ್ತಾಳೆಯ ಮೇಲೆ ಐದು ಕಪ್ಪು ಬೆರಳು. ಆಚೆಯದರ ಮೇಲೂ ಐದು. ಸಿಕ್ಕಿಬಿದ್ದಳು! ಮುಚ್ಚಳ ಕೀಳಲು ನೋಡಿದ್ದಾಳೆ, ಪಾಪ, ಬಂದಿಲ್ಲ. ದೂರದ ಪ್ರಯಾಣಕ್ಕೆ ಹೆದರಿರಬೇಕು. ಗೆದ್ದವನು ದೊಡ್ಡ ಮನಸ್ಸು ಮಾಡಬೇಕೆಂದು ಮೇಷ್ಟ್ರು ಅಲ್ಲೇ ಅವಳನ್ನು ಕ್ಷಮಿಸಿಬಿಟ್ಟರು. ಗುರುತು ಒರೆಸಲು ಬಟ್ಟೆ ಬೇಕಾಗಿ ಅವಳ ಚೀಲಕ್ಕೆ ಕೈ ಹಾಕಿದರು.

ಟವೆಲಿನ ಕೆಳಗೆ ಕೈಪಿಡಿ ಇತ್ತು. ನಡುವೆ ಒಂದು ಕಡೆ ಗುರುತಿಗೆ ತಲೆಪಿನ್ನು. ತೆರೆದರು. ಪೆನ್ಸಿಲಿನಲ್ಲಿ ಎರಡು ಗೆರೆ ಎಳೆದ ಸಾಲು ಹೀಗಿತ್ತು: "ಗೇರು ಹಾಕಿದರೆ ಸಾಲದು. ಇಳಿದು, ಮುಂದಿನ ಎರಡೂ ಚಕ್ರಗಳ ಮೇಲಿನ ಹಿತ್ತಾಳೆಯ ಮುಚ್ಚಳವನ್ನು ಕೈಯಿಂದ ಬಲಕ್ಕೆ ತಿರುಗಿಸಬೇಕು. ಅಲ್ಲಿಯವರೆಗೆ ಮುಂದಿನ ಚಕ್ರಗಳು ಎಳೆಯುವುದಿಲ್ಲ."

ಪಕ್ಕದ ಅಂಚಿನಲ್ಲಿ ಹೆಂಡತಿಯ ಅಕ್ಷರ: "ಇವರಿಗೇ ಹೊಳೆದರೆ ಸರಿ, ಇಲ್ಲದಿದ್ದರೆ ಮೂರನೇ ಸಲಕ್ಕೆ ಮೊದಲು ನನ್ನ ಚಪ್ಪಲಿಗೆ ಕಲ್ಲು ಸೇರಬೇಕು."