ಮೂರನೇ ಕೋಣೆಯ ಬಲ್ಬುಗಳು

ಗಂಡ ವೆಂಡಲ್ ಕಂಕುಳಲ್ಲಿ ಹಿಡಿದು ತಂದ ಉದ್ದನೆಯ ಹಳೇ ಬಲ್ಬುಗಳನ್ನು ಕಂಡು ಡಾರ್ಲೀನ್ ಕೂತಲ್ಲಿಂದ ಎದ್ದಳು. "ಮೂರನೇ ಕೋಣೇದು ಕಣೇ. ಸುಮ್ನೆ ನೀಲಿಗೆ ಉರೀತಿದ್ವು, ಒಂದ್ರಲ್ಲೂ ಕಸುವಿಲ್ಲ. ಬೆಳಿಗ್ಗೇನೇ ಎಲ್ಲಾ ಹೊಸದು ಹಾಕ್ದೆ."

ಕಸುವಿಲ್ಲವೆಂದೇ ಅವಳು ಅವನ್ನು ಅಲ್ಲಿ ಹಾಕಿದ್ದಳು. ಹಿಮ ಸುರಿಯುವ ತಿಂಗಳಲ್ಲೂ ಬಿಸಿಲಿಗೆ ಕಂದಿದಂಥ ಮೈಬಣ್ಣ ಬೇಕೆಂದು ಓಹಾಯೋದ ಆ ಪುಟ್ಟ ಊರಿನವರು ಬಂದು ದೀಪದ ಹಾಸಿಗೆಯಲ್ಲಿ ಮಲಗುವ ಅಂಗಡಿ ಅವರದು. ಆ ಬೆಳಕಿನಿಂದಲೇ ಬೆನ್ನ ಮೇಲೆ ಎದ್ದ ಕ್ಯಾನ್ಸರ್ ಮಚ್ಚೆಯನ್ನು ಕತ್ತರಿಸಿ ತೆಗೆದ ಮೇಲೂ ಮಗಳು ಕೇಸಿ ಆ ಚಟ ಬಿಟ್ಟಿರಲಿಲ್ಲ. ಬೇಡವೆಂದರೆ ಹೆದ್ದಾರಿ ಪಕ್ಕದ ಇನ್ನೊಂದು ಅಂಗಡಿಗೆ ಹೋಗುತ್ತಾಳೆ. ಅದಕ್ಕೇ ಬೇರೆ ಕೋಣೆಗಳಲ್ಲಿ ಉರಿದು ಸವೆದ ಬಲ್ಬುಗಳನ್ನೆಲ್ಲ ಡಾರ್ಲೀನ್ ಗುಟ್ಟಾಗಿ ಮಗಳ ಹಾಸಿಗೆಗೆ ಸೇರಿಸುತ್ತ ಬಂದಿದ್ದಳು.

"ಅವಳು ಒಳಗೆ ಹೋಗಿ ಎಷ್ಟೊತ್ತಾಯ್ತು?"

"ಇಪ್ಪತ್ತು ನಿಮಿಷ ಆಯ್ತೇನೋ. ಯಾಕೆ?"

ಡಾರ್ಲೀನ್ ಓಡಿದಳು. ಒಳಗಿನಿಂದ ಚಿಲಕ ಹಾಕಿತ್ತು. ಎರಡೂ ಕೈಯಲ್ಲಿ ಬಾಗಿಲು ಬಡಿದಳು. "ಕೇಸೀ, ಎದ್ದು ಬಾರೇ! ನಿನ್ ದಮ್ಮಯ್ಯ, ಏಳೇ!"

ಬಾಗಿಲು ತೆರೆಯಿತು. ಸುಟ್ಟು ಕೆಂಪಾದ ಮುಖದಲ್ಲಿ ಕೇಸಿ ನಗುತ್ತಿದ್ದಳು. "ಯಾಕಮ್ಮ ಹಿಂಗೆ ಕೂಗ್ತೀಯ? ಬಲ್ಬ್ ಬದಲಾಯಿಸು ಅಂತ ಅಪ್ಪಂಗೆ ಹೇಳಿದ್ದೇ ನಾನು."