ಸೂಜಿ ಚುಚ್ಚಿದ ಜಾಗ

ಬೇಕರಿ ಹುಡುಗನನ್ನು ಆಪರೇಷನ್ ಥಿಯೇಟರಿನ ಬಾಗಿಲಿಗೆ ತಂದು ನಿಲ್ಲಿಸಿದ್ದರು. ವಯಸ್ಸು ಇಪ್ಪತ್ತೆರಡು. ಎರಡು ದಿನದಿಂದ ಬಲಗಡೆ ಕಿಬ್ಬೊಟ್ಟೆಯಲ್ಲಿ ನೋವು, ಜ್ವರ. ಅಪೆಂಡಿಕ್ಸ್ ಎಂದು ತೀರ್ಮಾನವಾಗಿತ್ತು. ಒಳಗೆ ಸರ್ಜನ್ ಕೈ ತೊಳೆಯುತ್ತಿದ್ದರು. ಅಪೆಂಡಿಕ್ಸ್ ತೆಗೆಯಲು ಅವರಿಗೆ ಹೆಚ್ಚು ಹೊತ್ತು ಬೇಡ. ಬೆನ್ನ ಹಿಂದೆ ಎಲ್ಲರೂ ಅವರನ್ನು ಕರೆಯುವುದೇ 'ಹತ್ತು ನಿಮಿಷ' ಎಂದು.

ಕಾಗದಪತ್ರ ನೋಡಲು ಬಂದ ಕಿರಿಯ ವೈದ್ಯೆ ಹುಡುಗನ ತೋಳು ಕಂಡು ನಿಂತುಬಿಟ್ಟಳು. ನಿನ್ನೆ ರಕ್ತ ತೆಗೆದ ಕಡೆ ಕೀವು ತುಂಬಿದ ಸಣ್ಣ ಗುಳ್ಳೆ ಎದ್ದಿತ್ತು. ಡ್ರಿಪ್ ಹಾಕಿದ್ದಲ್ಲಿ ಇನ್ನೊಂದು. ಸೂಜಿ ಚುಚ್ಚಿದಲ್ಲೆಲ್ಲ ಹೀಗೆ ಏಳುವ ಕಾಯಿಲೆ ಒಂದಿದೆ ಎಂದು ಓದಿದ್ದಳು, ಕಣ್ಣಾರೆ ಕಂಡಿರಲಿಲ್ಲ. ಪಕ್ಕದಲ್ಲಿದ್ದ ಹುಡುಗನ ತಾಯಿಯ ಕಡೆ ತಿರುಗಿದಳು.

"ಅಮ್ಮಾ, ಇವನಿಗೆ ಬಾಯಿಹುಣ್ಣು ಆಗ್ತಿತ್ತಾ? ಕಣ್ಣು ಕೆಂಪಾಗೋದು?"

"ಅಯ್ಯೋ, ವರ್ಷಕ್ಕೆ ನಾಲ್ಕು ಸಲ. ಉಷ್ಣ ಕಣಮ್ಮ. ದಿನವಿಡೀ ಬೆಂಕಿ ಮುಂದೆ ನಿಂತ್ರೆ ಇನ್ನೇನಾಗುತ್ತೆ? ಎಲ್ಲಾನೂ ಇಲ್ಲೇ ತೋರ್ಸಿದೀವಿ." ತಾಯಿ ಪ್ಲಾಸ್ಟಿಕ್ ಕವರಿನಿಂದ ಚೀಟಿಗಳನ್ನು ತೆಗೆದುಕೊಟ್ಟಳು.

ಕಣ್ಣಿನ ವಿಭಾಗದವರು ಕಣ್ಣಿಗೆ ಡ್ರಾಪ್ಸ್ ಬರೆದಿದ್ದರು. ಮೂಳೆ ವಿಭಾಗದವರು ಮಂಡಿ ಊತಕ್ಕೆ ಮಾತ್ರೆ. ಒಂದೇ ಆಸ್ಪತ್ರೆ, ಒಬ್ಬರ ಚೀಟಿ ಇನ್ನೊಬ್ಬರು ನೋಡಿದ್ದರೆ ಕೇಳಿ. ಮೂರನೆಯದರಲ್ಲಿ 'ಪದೇ ಪದೇ ಬಾಯಿಹುಣ್ಣು. ಬೆಂಕಿ ಮುಂದೆ ಕೆಲಸ. ಉಷ್ಣ. ಬಿ ಕಾಂಪ್ಲೆಕ್ಸ್' ಎಂದಿತ್ತು. ಕೆಳಗೆ ಬೇರೆ ಯಾರೂ ಓದಲಾಗದ ಗೀಚು, ಅವಳದೇ ಸಹಿ. ಅವಳಿಗೆ ನಾಚಿಕೆಗಿಂತ ಮೊದಲು ಭಯವಾಯಿತು. ಆ ಚೀಟಿಯೊಂದನ್ನು ಮಡಚಿ ಕೋಟಿನ ಜೇಬಿಗೆ ಇಳಿಸಿ ಒಳಗೆ ಹೋದಳು.

"ಸರ್, ಇದು ಅಪೆಂಡಿಕ್ಸ್ ಅಲ್ಲ ಅನ್ಸುತ್ತೆ. ಬಾಯಿಹುಣ್ಣು, ಕೆಂಪು ಕಣ್ಣು, ಮಂಡಿ ಊತ, ಈಗ ಸೂಜಿ ಚುಚ್ಚಿದಲ್ಲಿ ಗುಳ್ಳೆ, ಎಲ್ಲಾ ಸೇರಿದ್ರೆ ಬೆಷೆಟ್ ಕಾಯಿಲೆ, ಕರುಳಿಗೆ ಇಳಿದಿರಬಹುದು. ಒಂದು ಸ್ಕ್ಯಾನ್ ಮಾಡ್ಸೋಣ."

"ಪುಸ್ತಕದ ಬದನೆಕಾಯಿ! ಅಪೆಂಡಿಕ್ಸ್ ಒಡೆದ್ರೆ ನೀನು ಹೊಣೆ ಹೊರ್ತೀಯಾ?"

"ಸೂಜಿಗೇ ಹಿಂಗಾಗಿದೆ ಸರ್. ಕೊಯ್ದ ಕರುಳು ಕೂಡುತ್ತಾ?"

ಸರ್ಜನ್ ಒದ್ದೆ ಕೈ ಮೇಲೆತ್ತಿಕೊಂಡೇ ಹೊರಗೆ ಬಂದು ಗುಳ್ಳೆ ನೋಡಿದರು. "ಎರಡು ಗುಳ್ಳೆ ನಂಬ್ಕೊಂಡು ಕೇಸ್ ನಿಲ್ಸೋಕಾಗಲ್ಲ. ಬಾಯಲ್ಲಿ ಈಗ ಒಂದು ಹುಣ್ಣೂ ಇಲ್ಲ. ಹಿಂದೆ ಇತ್ತು ಅನ್ನೋಕೆ ಯಾವ ಡಾಕ್ಟ್ರು ಬರೆದಿದಾರೆ, ತೋರ್ಸು."

ಅವಳು ಜೇಬಿಗೆ ಕೈ ಹಾಕಿದಳು. ತೊಳೆದ ಕೈಯಲ್ಲಿ ಅವರು ಕಾಗದ ಮುಟ್ಟುವಂತಿರಲಿಲ್ಲ. ಅವಳೇ ಬಿಡಿಸಿ ಅವರ ಮುಖದ ಮುಂದೆ ಹಿಡಿದಳು. ಅವರು ಎರಡು ಸಲ ಓದಿ, "ಸ್ಕ್ಯಾನಿಗೆ ಕಳ್ಸಿ," ಎಂದರು.

ಒಂದು ಗಂಟೆಯಲ್ಲಿ ಗೊತ್ತಾಯಿತು. ಅಪೆಂಡಿಕ್ಸ್ ಸರಿಯಾಗಿಯೇ ಇತ್ತು, ಸಣ್ಣ ಕರುಳಿನ ಕೊನೆ ಊದಿ ದಪ್ಪಗಾಗಿತ್ತು. ಚಾಕು ಬೇಡ, ಔಷಧಿ ಸಾಕು. ತಾಯಿ ಕೂತಲ್ಲೇ ಕೈ ಮುಗಿದಳು.

ಸರ್ಜನ್ ಮಾತ್ರ ಆ ಚೀಟಿಯನ್ನು ಬಿಟ್ಟಿರಲಿಲ್ಲ. "ಇಷ್ಟೆಲ್ಲ ಇದ್ದೂ ಉಷ್ಣ ಅಂತ ಬರೆದ ಪುಣ್ಯಾತ್ಮ ಯಾರು?"

"ನಾನೇ ಸರ್."

ತಾಯಿ ಗಾಬರಿಯಿಂದ ಎದ್ದು ಅಡ್ಡ ಬಂದಳು. "ಅವ್ರನ್ನ ಬೈಬೇಡಿ ಸಾರ್, ಅವ್ರದ್ದೇನೂ ತಪ್ಪಿಲ್ಲ. ಅವತ್ತು ಪಾಪ ಎಷ್ಟೊಂದು ಜನ! ಇವನ ಮುಖಾನೂ ನೋಡದೆ, ನಾನು ಹೇಳಿದ್ದನ್ನೇ ಹಂಗೇ ಬರ್ಕೊಂಡ್ರು."